25 ಎಚ್‌ಪಿ ಮಿನಿ ಟ್ರ್ಯಾಕ್ಟರ್‌ಗೆ 5 ಅಡಿ ಅಗಲದ ರೋಟರಿ ಸ್ಲ್ಯಾಷರ್ (ಹಿಂದೆ ಕಟ್ಟಿ ಪೊದೆ ಕತ್ತರಿಸೋ ಮಶೀನ್) ಸಾಕಾ, 6 ಅಡಿದೇ ತಗೊಳ್ಳಲಾ?

ಎರಡೂ ಬೇಡ, 4 ಅಡಿದು ತಗೊಳ್ಳಿ. "ದೊಡ್ಡದು, ಹೆವಿ ಡ್ಯೂಟಿ ತಗೊಂಡು ನಿಧಾನಕ್ಕೆ ಓಡಿಸಿದ್ರೆ ಆಯ್ತಲ್ವಾ, ಪೊದೆ ಎಲ್ಲಾ ಬೇಗ ಮುಗಿಯತ್ತೆ" ಅಂತ ಬರ್ದಿದೀರಲ್ಲ, ಅದೇ ಮಾತು ನಾನೂ ಎಲ್ಲರಿಗೂ ಹೇಳ್ಕೊಂಡು ತಿರುಗ್ತಿದ್ದೆ. ನಂದು 27 ಎಚ್‌ಪಿ ಟ್ರ್ಯಾಕ್ಟರ್, ಅದಕ್ಕೆ 5 ಅಡಿ ಹೆವಿ ಡ್ಯೂಟಿ ಸ್ಲ್ಯಾಷರ್ ತಂದು ಕಟ್ಟಿದೆ. ಆ ಸ್ಲ್ಯಾಷರ್‌ಗೆ ಏನೂ ಆಗ್ಲಿಲ್ಲ, ಅದು ಕಲ್ಲು ಹಾಗೆ ಇತ್ತು. ಬಿಚ್ಚಬೇಕಾಗಿ ಬಂದಿದ್ದು ಟ್ರ್ಯಾಕ್ಟರ್‌ನ.

ಸ್ಲ್ಯಾಷರ್ ಜೊತೆಗೆ ಪಿಟಿಒ ಶಾಫ್ಟೂ ಬಂದಿತ್ತು (ಪಿಟಿಒ ಅಂದ್ರೆ ಟ್ರ್ಯಾಕ್ಟರ್ ಹಿಂದೆ ತಿರುಗೋ ತುದಿ, ಅದರ ಶಕ್ತಿನ ಮಶೀನ್‌ಗೆ ಕೊಡೋದು ಈ ಶಾಫ್ಟ್, ಒಂದರೊಳಗೊಂದು ಜಾರೋ ಎರಡು ಪೈಪ್), ಬೇರೆ ತಗೊಳ್ಳೋ ಕೆಲ್ಸ ಉಳೀತು ಅಂತ ಖುಷಿಪಟ್ಟೆ. ಹಾಕಕ್ಕೆ ಹೋದ್ರೆ ಸುಲಭಕ್ಕೆ ಕೂರ್ಲಿಲ್ಲ, ಮಶೀನನ್ನ ಹಾರೆ ಕೊಟ್ಟು ಸ್ವಲ್ಪ ಹಿಂದೆ ಸರಿಸಿ, ಶಾಫ್ಟನ್ನ ಪೂರ್ತಿ ಒಳಗೆ ಒತ್ತಿ ಹಿಡ್ಕೊಂಡು ಪಿನ್ ಕೂರಿಸಿದ್ವಿ, ಆಮೇಲೆ ಲಿಂಕ್ (ಮಶೀನನ್ನ ಎತ್ತೋ ತೋಳು) ಹಾಕಿದ್ಮೇಲೆ ನೋಡಿದ್ರೆ ಎರಡು ಪೈಪ್ ಮಧ್ಯೆ ಎರಡು ಬೆರಳು ಜಾಗ ಇತ್ತು. ಇದೆಯಲ್ಲ ಜಾಗ, ಇನ್ನೇನು ಬೇಕು ಅಂದ್ಕೊಂಡೆ. ನೆಲದ ಮೇಲೆ ಕೂತಿರೋವಾಗ ನೋಡಿದ್ದು ಅದು. ತಪ್ಪು ಆಗಿದ್ದು ಇಷ್ಟೇ, ಆದ್ರೆ ಇದನ್ನ ಸ್ವಲ್ಪ ಉದ್ದಕ್ಕೆ ಹೇಳ್ಬೇಕು, ಯಾಕಂದ್ರೆ ಮಾರೋವಾಗ ಯಾರೂ ಹೇಳಲ್ಲ.

ಮಶೀನ್ ನೆಲದ ಮೇಲಿದ್ದಾಗ ಅದರ ಗೇರ್ ಬಾಕ್ಸ್ ಕೆಳಗಿರತ್ತೆ, ಟ್ರ್ಯಾಕ್ಟರ್‌ನ ಪಿಟಿಒ ಸ್ವಲ್ಪ ಮೇಲಿರತ್ತೆ, ಶಾಫ್ಟ್ ಓರೆಯಾಗಿ ನಿಂತಿರತ್ತೆ. ಎರಡು ಗೋಡೆ ಮಧ್ಯೆ ಹಗ್ಗ ಓರೆಯಾಗಿ ಕಟ್ಟಿದ್ರೆ ಜಾಸ್ತಿ ಹಗ್ಗ ಬೇಕು, ನೇರ ಕಟ್ಟಿದ್ರೆ ಕಮ್ಮಿ ಸಾಕು, ಇಲ್ಲೂ ಅಷ್ಟೇ ಲೆಕ್ಕ. ಹೈಡ್ರಾಲಿಕ್ ಎತ್ತುತ್ತಾ ಹೋದ ಹಾಗೆ ಎರಡೂ ಒಂದೇ ಮಟ್ಟಕ್ಕೆ ಬರೋ ಒಂದು ಜಾಗ ಇದೆಯಲ್ಲ, ಅಲ್ಲಿ ಅಂತರ ಎಲ್ಲಕ್ಕಿಂತ ಕಮ್ಮಿ. ಅಂದ್ರೆ ಪೂರ್ತಿ ಕೆಳಗೂ ಅಲ್ಲ, ಪೂರ್ತಿ ಮೇಲೂ ಅಲ್ಲ, ಸಾಮಾನ್ಯವಾಗಿ ನಡುವೆ ಎಲ್ಲೋ. ಆ ಜಾಗದಲ್ಲಿ ಒಳಗಿನ ಪೈಪ್ ಹೋಗಿ ಹೊರಗಿನದರ ತಳಕ್ಕೆ ಗುದ್ದಿದ್ರೆ ಶಾಫ್ಟ್ ಇನ್ನು ಕುಗ್ಗಲ್ಲ, ಅದೊಂದು ಗಟ್ಟಿ ಸಲಾಕೆ ಆಗೋಗತ್ತೆ, ಹೈಡ್ರಾಲಿಕ್ ಎಳೆಯೋ ಶಕ್ತಿ ಎಲ್ಲಾ ಸೀದಾ ಪಿಟಿಒ ಬೇರಿಂಗ್ ಮೇಲೆ. ಆ ಬೇರಿಂಗ್ ತಿರುಗಕ್ಕೆ ಅಂತ ಇರೋದು, ಹಿಂದಿಂದ ಒದೆ ತಿನ್ನಕ್ಕಲ್ಲ. ಸಮತಟ್ಟು ನೆಲದಲ್ಲಿ ಎತ್ತಿದಾಗ ಒಂದ್ಸಲ ತಾಗತ್ತೆ, ಹೋಗ್ಲಿ, ಆದ್ರೆ ಕಾಲುವೆ ದಾಟೋವಾಗ ಟ್ರ್ಯಾಕ್ಟರ್ ಹಿಂದಿನ ಚಕ್ರ ತಗ್ಗಿಗೆ ಇಳಿದು ಸ್ಲ್ಯಾಷರ್ ಇನ್ನೂ ದಿಬ್ಬದ ಮೇಲೇ ಇರತ್ತೆ ನೋಡಿ, ಆಗ ಬ್ಲೇಡ್ ತಿರುಗ್ತಿರೋವಾಗಲೇ ಗುದ್ದೋದು.

ನಂಗೆ ಎತ್ತಿದಾಗೆಲ್ಲ ಟಕ್ ಅಂತ ಸದ್ದು ಬರೋದು, ಲಿಂಕ್ ಪಿನ್ ಸಡಿಲ ಇರ್ಬೇಕು ಅಂತ ಸುಮ್ನಿದ್ದೆ. ಆಮೇಲೆ ಪಿಟಿಒ ಸೀಲ್ ಹತ್ರ ಎಣ್ಣೆ ಜಿನುಗಕ್ಕೆ ಶುರುವಾಯ್ತು, ಸೀಲ್ ಬದಲಾಯಿಸಿದೆ, ಮತ್ತೆ ಜಿನುಗ್ತು, ಈ ಕಂಪನಿ ಸೀಲೇ ಸರಿಯಿಲ್ಲ ಅಂತ ಬೈದೆ. ಗರ್ ಅಂತ ಸದ್ದು ಬಂದ್ಮೇಲೆ ಬಿಚ್ಚಿ ನೋಡಿದ್ರೆ ಬೇರಿಂಗ್ ಪುಡಿ, ಅದನ್ನ ಹಿಡ್ಕೊಳ್ಳೋ ಸರ್ಕ್ಲಿಪ್ (ಉಕ್ಕಿನ ಬಳೆ) ಕೂರೋ ಕಚ್ಚು ಒಡೆದಿದೆ, ಇನ್ನೂ ಕೆಟ್ಟ ಸುದ್ದಿ ಅಂದ್ರೆ ಇಂಥ ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಗೇರ್ ಬಾಕ್ಸ್‌ಗೂ ಹೈಡ್ರಾಲಿಕ್‌ಗೂ ಬಹುತೇಕ ಒಂದೇ ಎಣ್ಣೆ, ಆ ಕಬ್ಬಿಣದ ಪುಡಿ ಎಣ್ಣೆ ಜೊತೆ ಎಲ್ಲಾ ಕಡೆ ಸುತ್ತಿ ಪಂಪ್‌ಗೂ ಹೋಗಿತ್ತು. ಬೇರಿಂಗ್, ಶಾಫ್ಟ್, ಸೀಲ್, ಪಂಪ್, ಫಿಲ್ಟರ್, ಪೂರ್ತಿ ಎಣ್ಣೆ. ಸ್ಲ್ಯಾಷರ್ ಕೊಂಡಿದ್ದಕ್ಕಿಂತ ರಿಪೇರಿಗೇ ಜಾಸ್ತಿ ಹೋಯ್ತು.

ಇದಕ್ಕೂ ನಿಮ್ಮ 5 ಅಡಿ 6 ಅಡಿ ಪ್ರಶ್ನೆಗೂ ಏನು ಸಂಬಂಧ ಅಂತೀರಾ? ದೊಡ್ಡ ಸ್ಲ್ಯಾಷರ್‌ನ ದೊಡ್ಡ ಟ್ರ್ಯಾಕ್ಟರ್ ಮನಸ್ಸಲ್ಲಿಟ್ಕೊಂಡು ಮಾಡಿರ್ತಾರೆ, ಅದರ ಜೊತೆ ಬರೋ ಶಾಫ್ಟೂ ಅದೇ ಅಳತೆ. ಮಿನಿ ಟ್ರ್ಯಾಕ್ಟರ್‌ನಲ್ಲಿ ಪಿಟಿಒಗೂ ಮಶೀನ್‌ಗೂ ಮಧ್ಯೆ ಜಾಗವೇ ಕಮ್ಮಿ. ಹಾಗಾಗಿ ಯಾವ ಸೈಜ್ ತಂದ್ರೂ ಮೊದಲು ಶಾಫ್ಟ್ ಹಾಕದೇ ಲಿಂಕ್ ಮಾತ್ರ ಹಾಕಿ, ನಿಧಾನಕ್ಕೆ ಎತ್ತಿ ಪಿಟಿಒ, ಗೇರ್ ಬಾಕ್ಸ್ ಎರಡೂ ಒಂದೇ ಮಟ್ಟಕ್ಕೆ ಬಂದಾಗ ಕೆಳಗೆ ದಿಮ್ಮಿ ಕೊಟ್ಟು ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಎರಡರ ಮಧ್ಯದ ಅಂತರ ಅಳೀರಿ. ಆ ಅಳತೇಲಿ ಶಾಫ್ಟ್ ಇನ್ನೂ ಕನಿಷ್ಠ 25 ಮಿಮೀ ಒಳಗೆ ಹೋಗೋ ಹಾಗಿರ್ಬೇಕು, ಪೂರ್ತಿ ಉದ್ದಕ್ಕೆ ಹೋದಾಗ ಪೈಪ್‌ಗಳು ಮೂರನೇ ಒಂದು ಭಾಗ ಆದ್ರೂ ಒಂದರೊಳಗೊಂದು ಇರ್ಬೇಕು. ಶಾಫ್ಟ್ ಉದ್ದ ಜಾಸ್ತಿ ಇದ್ರೆ ಎರಡೂ ಪೈಪ್, ಮೇಲಿನ ಎರಡೂ ಪ್ಲಾಸ್ಟಿಕ್ ಕವರ್, ನಾಲ್ಕನ್ನೂ ಒಂದೇ ಅಳತೆಗೆ ಕಟ್ ಮಾಡಿ ಅಂಚನ್ನ ಅರದಿಂದ ಉಜ್ಜಿ ಗ್ರೀಸ್ ಹಾಕಿ. ಹೊಸ ಶಾಫ್ಟ್ ಕೊಯ್ಯಕ್ಕೆ ಹೊಟ್ಟೆ ಉರಿಯತ್ತೆ, ಪರವಾಗಿಲ್ಲ.

ಇನ್ನು ಅಡಿ ಲೆಕ್ಕ. ಎಂಜಿನ್ 25 ಎಚ್‌ಪಿ ಅಂದ್ರೆ ಪಿಟಿಒಗೆ ಸಿಗೋದು ಸುಮಾರು 20. ಗಟ್ಟಿ ಪೊದೆ ಕತ್ತರಿಸಕ್ಕೆ ಅಡಿಗೆ 5 ಪಿಟಿಒ ಎಚ್‌ಪಿ ಇಟ್ಕೊಳ್ಳಿ, 4 ಅಡಿಗೆ ಸರಿಹೋಯ್ತು, 5 ಅಡಿಗೆ ಏದುಸಿರು, 6 ಅಡಿ ಮಾತೇ ಬೇಡ. ಬರೀ ಹುಲ್ಲಾದ್ರೆ 5 ಅಡಿನೂ ಎಳೆಯತ್ತೆ, ಆದ್ರೆ ನೀವು ಪೊದೆ ಅಂದಿದೀರ. "ನಿಧಾನಕ್ಕೆ ಓಡಿಸ್ತೀನಿ" ಅನ್ನೋದು ಹೈಡ್ರೋಸ್ಟಾಟಿಕ್ (ಗೇರ್ ಬದಲು ಎಣ್ಣೆ ಒತ್ತಡದಲ್ಲಿ ಚಕ್ರ ಓಡೋ) ಟ್ರ್ಯಾಕ್ಟರ್ ಆದ್ರೆ ಸ್ವಲ್ಪ ಮಟ್ಟಿಗೆ ನಡೆಯತ್ತೆ, ಪಿಟಿಒನ ನಿಮಿಷಕ್ಕೆ 540 ಸುತ್ತಲ್ಲೇ ಇಟ್ಕೊಂಡು ಚಕ್ರ ಮಾತ್ರ ನಿಧಾನ ಮಾಡ್ಬೋದು. ಗೇರ್ ಟ್ರ್ಯಾಕ್ಟರ್‌ನಲ್ಲಿ ಆಕ್ಸಿಲರೇಟರ್ ಇಳಿಸಿ ನಿಧಾನ ಮಾಡಿದ್ರೆ ಬ್ಲೇಡೂ ನಿಧಾನ ಆಗತ್ತೆ, ಆಗ ಕತ್ತರಿಸಲ್ಲ, ಜಜ್ಜತ್ತೆ.

ಮತ್ತೆ ನಿಧಾನಕ್ಕೆ ಹೋದ್ರೆ ತೂಕ ಏನು ಕಮ್ಮಿ ಆಗಲ್ಲವಲ್ಲ. ಬ್ರೋಷರ್‌ನಲ್ಲಿ ಲಿಫ್ಟ್ ಕೆಪ್ಯಾಸಿಟಿ ಅಂತ ದೊಡ್ಡದಾಗಿ ಹಾಕಿರ್ತಾರೆ, ಅದು ಲಿಂಕ್ ತುದೀಲಾ, ಅಲ್ಲಿಂದ 24 ಇಂಚು ಹಿಂದೇನಾ ಅಂತ ಕೆಳಗೆ ಸಣ್ಣ ಅಕ್ಷರದಲ್ಲಿ ಇರತ್ತೆ, ಎರಡಕ್ಕೂ ತುಂಬಾ ವ್ಯತ್ಯಾಸ. ಸ್ಲ್ಯಾಷರ್ ಉದ್ದಕ್ಕೆ ಹಿಂದೆ ಚಾಚ್ಕೊಂಡಿರೋ ಸಾಮಾನು, ಅದರ ಭಾರ ಲಿಂಕ್ ತುದೀಲಿ ಇರಲ್ಲ. ನೀವು 24 ಇಂಚಿನ ಲೆಕ್ಕನೇ ನೋಡಿ. ಎತ್ತಿದಾಗ ಮುಂದಿನ ಚಕ್ರದ ಮೇಲೆ ಟ್ರ್ಯಾಕ್ಟರ್ ತೂಕದ 20% ಆದ್ರೂ ಉಳೀಬೇಕು, ಇಲ್ದಿದ್ರೆ ಸ್ಟೇರಿಂಗ್ ತಿರುಗಿಸ್ತೀರ, ಟ್ರ್ಯಾಕ್ಟರ್ ಸೀದಾ ಹೋಗತ್ತೆ. ಏರು ಹತ್ತೋವಾಗ ಮೂತಿ ಎತ್ತಿದ್ರೆ ಅದು ಬರೀ ಖರ್ಚಿನ ವಿಷಯ ಅಲ್ಲ. ಮುಂದೆ ವೇಟ್ ಹಾಕ್ಬೋದು, ಆದ್ರೆ ವೇಟ್ ಹಾಕಿ ಹಾಕಿ ದೊಡ್ಡ ಮಶೀನ್ ಹೊರಿಸೋ ಬದಲು ಸಣ್ಣದು ತಗೊಳ್ಳೋದು ವಾಸಿ ಅಂತ ನಾನಂತೂ ಹೇಳ್ತೀನಿ.

ಶಿಯರ್ ಬೋಲ್ಟಾ ಸ್ಲಿಪ್ ಕ್ಲಚ್ಚಾ ಅಂತಾನೂ ಕೇಳಿದೀರ. ಬ್ಲೇಡ್ ಎಲ್ಲಾದ್ರೂ ಸಿಕ್ಕಿಹಾಕ್ಕೊಂಡ್ರೆ ಬೋಲ್ಟ್ ಮುರಿದು, ಕ್ಲಚ್ ಆದ್ರೆ ಜಾರಿ, ಟ್ರ್ಯಾಕ್ಟರನ್ನ ಉಳಿಸತ್ತೆ. ಮೋಟು, ಕಲ್ಲು ಇರೋ ಜಾಗ ಆದ್ರೆ ಸ್ಲಿಪ್ ಕ್ಲಚ್, ಆದ್ರೆ ಮಳೇಲಿ ನಿಲ್ಲಿಸಿದ್ರೆ ಪ್ಲೇಟ್ ತುಕ್ಕು ಹಿಡಿದು ಅಂಟ್ಕೊಳ್ಳತ್ತೆ, ಆಗ ಇದ್ದೂ ಇಲ್ಲದ ಹಾಗೆ. ಸೀಸನ್ ಶುರುವಿಗೆ ನಟ್ ಸಡಿಲಿಸಿ, ಪ್ಲೇಟ್‌ಗಳ ಮೇಲೆ ಅಡ್ಡಕ್ಕೆ ಒಂದು ಬಣ್ಣದ ಗೀಟು ಎಳೆದು, ಪಿಟಿಒ ಎರಡು ಮೂರು ಸೆಕೆಂಡ್ ಕೊಟ್ಟು ಆಫ್ ಮಾಡಿ ನೋಡಿ, ಗೀಟು ಮುರಿದಿದ್ರೆ ಜಾರ್ತಿದೆ ಅಂತ, ಆಮೇಲೆ ಮ್ಯಾನ್ಯುಯಲ್‌ನಲ್ಲಿ ಹೇಳಿದ ಅಳತೆಗೆ ಬಿಗೀರಿ. ಇಷ್ಟು ಮಾಡಲ್ಲ ಅನ್ನೋರಿಗೆ ಶಿಯರ್ ಬೋಲ್ಟೇ ಒಳ್ಳೇದು, ಕಟ್ ಆಗತ್ತೆ ಅಂತ ಸಿಟ್ಟಲ್ಲಿ ಹೈಟೆನ್ಸಿಲ್ (ಗಟ್ಟಿ ಉಕ್ಕಿನ) ಬೋಲ್ಟ್ ಮಾತ್ರ ತುರುಕ್ಬೇಡಿ, ಮುರಿಯಕ್ಕೆ ಅಂತಾನೇ ಹಾಕಿರೋದು ಅದು. ಚಕ್ರಕ್ಕೂ ಪಿಟಿಒಗೂ ಒಂದೇ ಕ್ಲಚ್ ಇರೋ ಹಳೇ ಟ್ರ್ಯಾಕ್ಟರ್ ಆದ್ರೆ ಓವರ್‌ರನ್ನಿಂಗ್ ಕ್ಲಚ್ (ಮಶೀನ್ ಕಡೆಯಿಂದ ಶಕ್ತಿ ವಾಪಸ್ ಬರದ ಹಾಗೆ ತಡೆಯೋದು) ಬೇಕೇ ಬೇಕು, ಇಲ್ದಿದ್ರೆ ಕ್ಲಚ್ ಒತ್ತಿದ್ರೂ ಬ್ಲೇಡಿನ ವೇಗವೇ ಟ್ರ್ಯಾಕ್ಟರನ್ನ ಮುಂದೆ ತಳ್ಳತ್ತೆ. ಅದು ಪಿಟಿಒ ತುದೀಲಿ ಕೂತು ಇನ್ನಷ್ಟು ಜಾಗ ತಿನ್ನತ್ತೆ, ಹಾಗಾಗಿ ಶಾಫ್ಟ್ ಅಳತೆ ಅದನ್ನ ಹಾಕಿದ್ಮೇಲೇ ತಗೊಳ್ಳಿ.

ಮುಂದೆ ಹಿಂದೆ ಚೈನ್ ಗಾರ್ಡ್ ಇಲ್ದಿರೋ ಮಶೀನ್ ಎಷ್ಟು ಅಗ್ಗಕ್ಕೆ ಸಿಕ್ಕಿದ್ರೂ ಬೇಡ. ಬ್ಲೇಡ್ ತುದಿ ಗಂಟೆಗೆ 250 ಕಿಮೀ ಆಸುಪಾಸಲ್ಲಿ ಓಡ್ತಿರತ್ತೆ, ಕಲ್ಲು ಸಿಕ್ಕಿದ್ರೆ ಅದು ಎಲ್ಲಿಗೆ ಹೋಯ್ತು ಅಂತ ಗೊತ್ತಾಗಲ್ಲ, 100 ಮೀಟರ್ ಒಳಗೆ ಯಾರೂ ಇರಬಾರ್ದು.

4 ಅಡಿ ಸಾಲಲ್ಲ ಅನ್ನಕ್ಕೆ ಒಂದೇ ಕಾರಣ ಒಪ್ತೀನಿ, ಹಿಂದಿನ ಟೈರ್‌ಗಳು ಅದಕ್ಕಿಂತ ಅಗಲ ಇದ್ದು, ತುಳಿದ ಹುಲ್ಲು ಕತ್ತರಿಸದೇ ಉಳಿದ್ರೆ. ಆಗ ಬೇಕಾದ್ರೆ 5 ಅಡಿಯ ಲೈಟ್ ಮಾಡೆಲ್ ನೋಡಿ, ಹೆವಿ ಡ್ಯೂಟಿ ಅಲ್ಲ. ಟೈರ್ ಹೊರ ಅಂಚಿಂದ ಹೊರ ಅಂಚಿಗೆ ಎಷ್ಟಿದೆ, 24 ಇಂಚಲ್ಲಿ ಲಿಫ್ಟ್ ಎಷ್ಟು, ನೀವು ನೋಡಿರೋ ಮಶೀನ್ ತೂಕ ಎಷ್ಟು, ಈ ಮೂರು ಕಾಮೆಂಟಲ್ಲಿ ಹಾಕಿ, ನೋಡಿ ಹೇಳ್ತೀನಿ.