ಪತಿ ತೀರಿಕೊಂಡ ಮೇಲೆ ಗೃಹಸಾಲದ ಕಂತು ಒಬ್ಬಳೇ ಕಟ್ಟುತ್ತಿದ್ದೇನೆ. ಯಾರ ನೆರವು, ಹೇಗೆ ಕೇಳಲಿ?

ಪತಿ ಹೋಗಿ ಮೂರು ತಿಂಗಳು, ಸಾಲ ಇಬ್ಬರ ಹೆಸರಲ್ಲಿದೆ, ದುಃಖ ಹೇಳಿಕೊಳ್ಳಲು ಹೋದರೆ ದುಡ್ಡು ಕೇಳಲು ಬಂದಳು ಅಂದುಕೊಳ್ಳುತ್ತಾರೆ ಎಂಬ ಸಂಕೋಚ ಅಂತ ಬರೆದಿದ್ದೀರಿ. ನಾನು ಹೇಳುವುದಿಷ್ಟು: ಮನಸ್ಸು ಹಗುರ ಮಾಡಿಕೊಳ್ಳುವ ಜಾಗ ಬೇರೆ ಇರಲಿ, ಸಾಲದ ಕೆಲಸಕ್ಕೆ ಜೊತೆಯಾಗುವವರು ಬೇರೆ ಇರಲಿ. ಎರಡನ್ನೂ ಒಬ್ಬರ ಮೇಲೇ ಹೇರಿದರೆ ಅವರೂ ಸುಸ್ತಾಗುತ್ತಾರೆ, ನಿಮಗೂ ಮುಜುಗರ.

ಮೊದಲು ಸಾಲದ ಕೆಲಸ, ಅದಕ್ಕೆ ಗಡುವಿರುತ್ತದೆ. ಕಂತು ಯಾವ ಖಾತೆಯಿಂದ ಕಡಿತವಾಗುತ್ತಿದೆ ನೋಡಿ. ಅವರೊಬ್ಬರದೇ ಹೆಸರಿನ ಖಾತೆಯಾಗಿದ್ದರೆ, ಸಾವಿನ ಸುದ್ದಿ ತಿಳಿಸಿದ ಕೂಡಲೇ ಬ್ಯಾಂಕು ಅದನ್ನು ತಡೆಹಿಡಿಯುತ್ತದೆ, ಮುಂದಿನ ಕಂತು ಬೌನ್ಸ್ ಆಗುತ್ತದೆ, ದಂಡ ಬೀಳುತ್ತದೆ. ಹಾಗಾಗಿ ತಿಳಿಸುವ ದಿನವೇ ನಿಮ್ಮ ಖಾತೆಯಿಂದ ಕಡಿತ ಮಾಡಲು ಅರ್ಜಿ ಕೊಡಿ. ಆಮೇಲೆ ಮಂಜೂರಾತಿ ಪತ್ರ ಮತ್ತು ಸಾಲ ಬಿಡುಗಡೆಯಾದ ದಿನದ ಲೆಕ್ಕ ಹುಡುಕಿ. ಸಾಲದ ಮೇಲಿನ ವಿಮೆಯ ಪ್ರೀಮಿಯಂ ಎಷ್ಟೋ ಸಲ ಒಂದೇ ಗಂಟಾಗಿ ಸಾಲದ ಮೊತ್ತಕ್ಕೇ ಸೇರಿರುತ್ತದೆ, ಆದ್ದರಿಂದ ಅಂಥದ್ದೊಂದು ಪಾಲಿಸಿ ಇದೆ ಅಂತ ಮನೆಯವರಿಗೆ ಗೊತ್ತೇ ಇರುವುದಿಲ್ಲ. ವಿಮೆ ಯಾರ ಹೆಸರಲ್ಲಿದೆ, ಪೂರ್ತಿ ಬಾಕಿಗೋ ಅರ್ಧಕ್ಕೋ ಅಂತ ಬರಹದಲ್ಲೇ ಕೇಳಿ. ಕ್ಲೇಮು ಇತ್ಯರ್ಥವಾಗುವವರೆಗೆ ಕಂತು ನಿಲ್ಲಿಸಬೇಡಿ. ಅವರು ಕೆಲಸ ಮಾಡುತ್ತಿದ್ದ ಕಡೆ ಗುಂಪು ವಿಮೆ ಇತ್ತೇ ಅಂತಲೂ ವಿಚಾರಿಸಿ. ಜಂಟಿ ಸಾಲವಾದ್ದರಿಂದ ನಿಮ್ಮ ಹೊಣೆ ಅರ್ಧಕ್ಕಲ್ಲ, ಇಡೀ ಬಾಕಿಗೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾತಾಡಿ.

ಈ ಕೆಲಸಕ್ಕೆ ಒಬ್ಬರನ್ನು ಕರೆದುಕೊಂಡು ಹೋಗಿ. ದುಃಖದಲ್ಲಿರುವಾಗ ಎದುರಿನವರು ಹೇಳಿದ್ದರಲ್ಲಿ ಅರ್ಧ ತಲೆಯಲ್ಲಿ ನಿಲ್ಲುವುದಿಲ್ಲ. ಕೇಳುವುದು ಹೀಗಿರಲಿ: ‘ಶುಕ್ರವಾರ ಹನ್ನೊಂದಕ್ಕೆ ಬ್ಯಾಂಕಿಗೆ ನನ್ನ ಜೊತೆ ಬರ್ತೀರಾ? ನೀವು ಮಾತಾಡೋದು ಬೇಡ, ಅವರು ಹೇಳಿದ್ದನ್ನ ಬರ್ಕೊಂಡ್ರೆ ಸಾಕು.’ ‘ಏನಾದರೂ ಬೇಕಿದ್ದರೆ ಹೇಳಿ’ ಅಂದು ಹೋದವರೆಲ್ಲ ಇಂಥ ಮಾತಿಗೆ ಒಪ್ಪುತ್ತಾರೆ, ಏಕೆಂದರೆ ಕೆಲಸಕ್ಕೆ ಆದಿ ಅಂತ್ಯ ಇದೆ. ಒಬ್ಬರಿಗೆ ಅರ್ಜಿಗಳ ನಕಲು, ಇನ್ನೊಬ್ಬರಿಗೆ ವಾರಕ್ಕೊಂದು ಸಂಜೆ ಮಕ್ಕಳನ್ನು ನೋಡಿಕೊಳ್ಳುವುದು, ಲೆಕ್ಕ ಬಲ್ಲವರಿಗೆ ತಿಂಗಳ ಖರ್ಚಿನ ಪಟ್ಟಿ. ಮೊದಲ ವಾರಗಳಲ್ಲಿ ಮನೆ ತುಂಬ ಇದ್ದ ಜನ ಈಗ ಕರಗಿರುತ್ತಾರೆ, ಅದು ಬೇಸರದ ಸಂಗತಿಯೇ. ಆದರೆ ಅವರಲ್ಲಿ ಹೆಚ್ಚಿನವರು ಕರೆಯುವುದನ್ನು ಕಾಯುತ್ತಿರುತ್ತಾರೆ.

ಕಂತು ಕಟ್ಟಲು ಕಷ್ಟವಾದರೆ ತಪ್ಪುವ ಮುಂಚೆಯೇ ಬ್ಯಾಂಕಿಗೆ ಹೇಳಿ. ಆದರೆ ಸಿಗುವ ರಿಯಾಯಿತಿಗೆ ಬೆಲೆಯಿದೆ. ಲೆಕ್ಕ ನೋಡಿ: 20 ಲಕ್ಷ ಬಾಕಿ, ವರ್ಷಕ್ಕೆ 9% ಬಡ್ಡಿ, 15 ವರ್ಷ ಅಂದರೆ ಕಂತು ಸುಮಾರು 20,285. ಮೂರು ತಿಂಗಳು ಕಂತು ಬಿಟ್ಟು ಬಡ್ಡಿಯನ್ನು ಅಸಲಿಗೆ ಸೇರಿಸಿದರೆ ಬಾಕಿ ಸುಮಾರು 45,300 ಏರುತ್ತದೆ, ಅದೇ ಕಂತಿನಲ್ಲಿ ತೀರಿಸಲು ಒಂಬತ್ತು ಕಂತು ಹೆಚ್ಚು ಬೇಕು. ಅವಧಿಯನ್ನು 20 ವರ್ಷಕ್ಕೆ ಎಳೆದರೆ ಕಂತು ಸುಮಾರು 17,995ಕ್ಕೆ ಇಳಿಯುತ್ತದೆ, ಒಟ್ಟು ಬಡ್ಡಿ 6.6 ಲಕ್ಷಕ್ಕೂ ಹೆಚ್ಚು ಏರುತ್ತದೆ. ಹಾಗಂತ ಬೇಡ ಅನ್ನುತ್ತಿಲ್ಲ. ಉಸಿರಾಡಲು ಜಾಗ ಬೇಕಿದ್ದರೆ ಅವಧಿ ಹಿಗ್ಗಿಸಿ, ಕೈ ಸುಧಾರಿಸಿದಾಗ ಅಸಲಿಗೆ ಮುಂಗಡ ಕಟ್ಟಿ. ಮುಂಗಡಕ್ಕೆ ಶುಲ್ಕವಿದೆಯೇ ಅಂತ ಸಹಿಗೆ ಮುಂಚೆ ಕೇಳಿ.

ಬಂಧುಗಳೋ ಸಹೋದ್ಯೋಗಿಗಳೋ ಹಣ ಕೂಡಿಸಿ ಕೊಟ್ಟರೆ ‘ಸಾಲಕ್ಕೇ ತುಂಬಿಬಿಡಿ’ ಅನ್ನುವವರು ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ಸಾಲಕ್ಕೆ ಹೋದ ದುಡ್ಡು ಆಸ್ಪತ್ರೆ ಖರ್ಚಿಗೆ ವಾಪಸು ಬರುವುದಿಲ್ಲ. ಆರು ತಿಂಗಳ ಕಂತು ಮತ್ತು ಮನೆಖರ್ಚು ಕೈಯಲ್ಲಿಟ್ಟುಕೊಂಡು ಉಳಿದದ್ದು ಅಸಲಿಗೆ. ಕೊಟ್ಟದ್ದು ಉಡುಗೊರೆಯೋ ಸಾಲವೋ ಅಂತ ಒಂದು ಸಾಲಿನ ಬರಹ ಇರಲಿ, ಮನಸ್ತಾಪ ಹುಟ್ಟುವುದೇ ಅದು ಇಲ್ಲದ ಕಡೆ.

ಇನ್ನು ಮನಸ್ಸಿನ ಮಾತು. ಸಂಗಾತಿಯನ್ನು ಕಳೆದುಕೊಂಡವರೇ ಸೇರುವ ಬಳಗಗಳಿವೆ. ಆಸ್ಪತ್ರೆಯ ಸಮಾಜ ಕಾರ್ಯಕರ್ತರು ಅಥವಾ ಆಪ್ತಸಮಾಲೋಚಕರನ್ನು ಕೇಳಿದರೆ ತಿಳಿಯುತ್ತದೆ. ನಿಮ್ಮಂಥದೇ ಪರಿಸ್ಥಿತಿಯವರು, ಅಂದರೆ ಸಂಪಾದಿಸುತ್ತಾ ಮಕ್ಕಳನ್ನು ನೋಡಿಕೊಳ್ಳುವವರು, ಅಲ್ಲಿದ್ದಾರೆಯೇ ನೋಡಿ. ಹೇಳಿದ್ದು ಹೊರಗೆ ಹೋಗಬಾರದೆಂಬ ನಿಯಮ ಇದೆಯೇ, ನಡೆಸುವವರು ಯಾರು ಅಂತ ಕೇಳಿ. ಮೊದಲ ದಿನ ಸುಮ್ಮನೆ ಕೂತು ಬಂದರೂ ಸಾಕು. ಒಂದು ಭೇಟಿಗೆ ತೀರ್ಮಾನ ಮಾಡಬೇಡಿ, ಎರಡು ಮೂರು ಸಲ ಹೋಗಿ ನೋಡಿ. ಅಲ್ಲಿ ಯಾರಾದರೂ ಹೂಡಿಕೆ, ಮನೆ ಮಾರಾಟ, ‘ಕಡಿಮೆ ಬಡ್ಡಿಗೆ ಸಾಲ ವರ್ಗ’ ಅಂತ ಶುರು ಮಾಡಿದರೆ ಎದ್ದು ಬನ್ನಿ. ಸಾವಿನ ಸುದ್ದಿ ಓದಿಕೊಂಡು ಬ್ಯಾಂಕಿನವರೆಂದು ಫೋನ್ ಮಾಡುವ ಮೋಸಗಾರರೂ ಇದ್ದಾರೆ, ಅಂಥವರಿಗೆ ಓಟಿಪಿ ಹೇಳದೆ ಫೋನಿಟ್ಟು, ಪಾಸ್‌ಬುಕ್ಕಿನಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ. ಸತತವಾಗಿ ನಿದ್ದೆ ಬರದೆ, ಊಟ ಸೇರದೆ ಇದ್ದರೆ, ಅಥವಾ ಬದುಕೇ ಬೇಡ ಅನ್ನಿಸಿದರೆ, ಬಳಗಕ್ಕೆ ಕಾಯಬೇಡಿ, ಅವತ್ತೇ ವೈದ್ಯರನ್ನು ಕಾಣಿ.