ಮೆಟ್ಟಿಲ ಕೆಳಗಿನ ಬರೋಲೊ

ಪ್ರಶ್ನೆ: ಹಡಗಿನಲ್ಲಿ ಕೆಲಸಕ್ಕಿದ್ದ ಅಪ್ಪ ತಂದಿಟ್ಟಿದ್ದ 1997ರ ಬರೋಲೊ ವೈನ್ ಬಾಟಲಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಸಿಕ್ಕಿದೆ. ಕುಡಿಯಬಹುದಾ?
– ಓದುಗರು, ಕಾರವಾರ

ಉತ್ತರ: ಸುಮ್ನೆ ಎಸೆಯಬೇಡಿ, ತೆಗೆದು ನೋಡಿ. ಬರೋಲೊ ಇಟಲಿಯ ಪಿಯೆಮಾಂಟ್ ಕಡೆಯದು, ನೆಬಿಯೊಲೊ ದ್ರಾಕ್ಷಿಯದು. ಒಗರು, ಹುಳಿ ಎರಡೂ ಜಾಸ್ತಿ. ಅದಕ್ಕೇ ಹತ್ತಾರು ವರ್ಷ ತಡೆಯುತ್ತದೆ. ಆದರೆ 12–13 ಡಿಗ್ರಿ ತಂಪಿನಲ್ಲಿ ಇರಬೇಕಾದ ವಸ್ತು. ನಮ್ಮ ಕರಾವಳಿಯ ಸೆಕೆ ಅದಕ್ಕೆ ಆಗಿಬರುವುದಿಲ್ಲ.

ಕಳೆದ ಮಳೆಗಾಲದಲ್ಲಿ ಕೋಡಿಬಾಗದ ಗೆಳೆಯರ ಮನೆಯಲ್ಲಿ ಇಂಥದ್ದೇ ಒಂದು ತೆಗೆದೆವು. ಬಿರಡೆ ಅರ್ಧಕ್ಕೇ ಮುರಿದು ಪುಡಿಯಾಯಿತು. ತೆಳು ಬಟ್ಟೆಯಲ್ಲಿ ಸೋಸಿದೆವು. ಲೋಟದ ಅಂಚಿನಲ್ಲಿ ಇಟ್ಟಿಗೆ ಬಣ್ಣ. ಮೊದಲ ಗುಟುಕಿಗೆ ಹಳೇ ಮರದ ಪೆಟ್ಟಿಗೆಯ ವಾಸನೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಒಣ ಗುಲಾಬಿ ದಳ, ಹಿಂದೆಯೇ ಮುರುಗಲು ಸಿಪ್ಪೆಯಂಥ ಹುಳಿ! ನನಗೆ ಮಾತೇ ಹೊರಡಲಿಲ್ಲ. ಒಂದು ತಾಸಿನೊಳಗೆ ಆ ಪರಿಮಳ ಹೋಗಿಬಿಟ್ಟಿತು.

ಹಾಗಾಗಿ ತೆಗೆದ ಮೇಲೆ ಜಾಸ್ತಿ ಕಾಯಬೇಡಿ. ಮೊದಲು ಒಂದು ದಿನ ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿಡಿ, ಗಸಿ ತಳಕ್ಕೆ ಕೂರಲಿ. ಆಮೇಲೆ ಮೆಲ್ಲಗೆ ಬಗ್ಗಿಸಿ. ಜೊತೆಗೆ ಮೀನು ಬೇಡ, ಆ ಒಗರಿಗೆ ಬಾಯಲ್ಲಿ ಕಬ್ಬಿಣದ ರುಚಿ ಬರುತ್ತದೆ. ಮಟನ್ ಸುಕ್ಕ ಮಾಡಿ, ಖಾರ ಕಡಿಮೆ ಇರಲಿ. ವಿನೆಗರ್ ವಾಸನೆ ಹೊಡೆದರೆ ಮಾತ್ರ ಚೆಲ್ಲಿ. ಖಾಲಿ ಬಾಟಲಿ ಇಟ್ಟುಕೊಳ್ಳಿ, ಅಪ್ಪ ತಂದದ್ದು ಅಲ್ವಾ.