ನಕಲಿಗೆ ನೋಟರಿ ಮುದ್ರೆ: ಮೂಲಪತ್ರ ಏಕೆ ಬೇಕು?

ಪ್ರಶ್ನೆ: ತಂದೆಯವರ ಜಮೀನಿನ ನೋಂದಾಯಿತ ಕ್ರಯಪತ್ರ ಬೆಂಗಳೂರಿನಲ್ಲಿ ಅಣ್ಣನ ಬಳಿ ಇದೆ. ಸಾಲದ ಅರ್ಜಿಗೆ ಅದರ ನೋಟರಿ ದೃಢೀಕೃತ ನಕಲು ಬೇಕಾಗಿತ್ತು. ಅಣ್ಣ ಮೊಬೈಲಿಗೆ ಕಳುಹಿಸಿದ ಚಿತ್ರವನ್ನು ಮುದ್ರಿಸಿ ದಾವಣಗೆರೆಯ ನೋಟರಿಯೊಬ್ಬರಿಗೆ ಕೊಟ್ಟಾಗ, ಮೂಲಪತ್ರ ತರದೆ ಮುದ್ರೆ ಹಾಕುವುದಿಲ್ಲ ಎಂದರು. ಇದು ಸರಿಯೇ? ನಾನು ಬೇರೆ ತಾಲ್ಲೂಕಿನವನೆಂಬುದು ತೊಡಕಾಗುತ್ತದೆಯೇ?
– ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಆ ನೋಟರಿಯವರು ತಮ್ಮ ಕರ್ತವ್ಯವನ್ನೇ ಮಾಡಿದ್ದಾರೆ. ನಕಲನ್ನು ದೃಢೀಕರಿಸುವುದೆಂದರೆ ಮೂಲಪತ್ರವನ್ನು ಎದುರಿಗಿಟ್ಟುಕೊಂಡು, ಪುಟಪುಟವನ್ನೂ, ಷರಾ ಮತ್ತು ಮೊಹರುಗಳನ್ನೂ ಹೋಲಿಸಿ ನೋಡಿ, ಎರಡೂ ಒಂದೇ ಆಗಿವೆ ಎಂದು ಸಹಿ ಹಾಕುವುದು. ಮೂಲವನ್ನೇ ಕಾಣದೆ ‘ನಿಜಪ್ರತಿ’ ಎಂದು ಬರೆದುಕೊಟ್ಟರೆ ಅದು ಸುಳ್ಳು ಪ್ರಮಾಣವಾಗುತ್ತದೆ. ಜೆರಾಕ್ಸ್ ಮೇಲೆ ಕಣ್ಣಾಡಿಸದೆ ಮುದ್ರೆ ಒತ್ತಿಕೊಡುವವರು ನಿಮಗೆ ಉಪಕಾರ ಮಾಡುತ್ತಿಲ್ಲ, ಮುಂದಿನ ತಕರಾರಿಗೆ ದಾರಿ ಮಾಡಿಕೊಡುತ್ತಿದ್ದಾರೆ. ನೋಟರಿ ಮುದ್ರೆ ಬಿದ್ದ ಮಾತ್ರಕ್ಕೆ ಜಮೀನಿನ ಹಕ್ಕು ಸಾಬೀತಾಯಿತೆಂದು ನಮ್ಮ ಹಳ್ಳಿಗಳಲ್ಲಿ ಅನೇಕರು ನಂಬಿದ್ದಾರೆ. ಮುದ್ರೆ ಹೇಳುವುದು ನಕಲು ಮೂಲದಂತಿದೆ ಎಂಬುದನ್ನಷ್ಟೇ. ಮೂಲದಲ್ಲಿ ಬರೆದದ್ದು ಸತ್ಯವೇ, ಮಾರಿದವನಿಗೆ ಹಕ್ಕಿತ್ತೇ ಎಂಬುದಕ್ಕೆ ನೋಟರಿ ಹೊಣೆಗಾರರಲ್ಲ.

1952ರ ನೋಟರಿ ಕಾಯ್ದೆಯಂತೆ ಪ್ರತಿಯೊಬ್ಬ ನೋಟರಿಗೂ ಕೆಲಸ ಮಾಡುವ ಪ್ರದೇಶ ನಿಗದಿಯಾಗಿರುತ್ತದೆ. ಆ ಮಿತಿ ಅವರ ಕೆಲಸಕ್ಕೆ ಸಂಬಂಧಿಸಿದ್ದೇ ಹೊರತು ನಿಮ್ಮ ಊರಿಗಲ್ಲ. ಆದ್ದರಿಂದ ಹೊಳಲ್ಕೆರೆಯವರು ದಾವಣಗೆರೆಯಲ್ಲಿ ದೃಢೀಕರಣ ಮಾಡಿಸಲು ಅಡ್ಡಿಯಿಲ್ಲ. ದುಂಡು ಮುದ್ರೆಯಲ್ಲಿ ನೋಟರಿಯ ಹೆಸರು, ಪ್ರದೇಶ ಮತ್ತು ನೋಂದಣಿ ಸಂಖ್ಯೆ ಇವೆಯೇ ಎಂದು ಅಲ್ಲಿಯೇ ನೋಡಿಕೊಳ್ಳಿ. ಶುಲ್ಕಕ್ಕೆ ರಸೀದಿ ಕೇಳುವುದಕ್ಕೆ ಸಂಕೋಚ ಬೇಡ.

ಅಣ್ಣನವರಿಂದ ಪತ್ರ ತರಿಸುವುದು ಕಷ್ಟವಾದರೆ ಇನ್ನೂ ಗಟ್ಟಿಯಾದ ದಾರಿಯೊಂದಿದೆ. ಕ್ರಯಪತ್ರ ನೋಂದಣಿಯಾದ ಉಪನೋಂದಣಾಧಿಕಾರಿ ಕಚೇರಿಯಿಂದ, 1908ರ ನೋಂದಣಿ ಕಾಯ್ದೆಯ 57ನೇ ಕಲಮಿನಡಿ, ಶುಲ್ಕ ಕಟ್ಟಿ ದೃಢೀಕೃತ ನಕಲು ಪಡೆಯಬಹುದು. ರಾಜ್ಯ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದ ಮೂಲಕವೂ ಅರ್ಜಿ ಹಾಕಬಹುದು. ಇದು ಸರ್ಕಾರಿ ದಫ್ತರದಿಂದಲೇ ಬರುವ ಪ್ರತಿಯಾದ್ದರಿಂದ ಮೂಲಪತ್ರದಲ್ಲಿರುವ ವಿಷಯವನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸಲು ಬಳಕೆಗೆ ಬರುತ್ತದೆ. ಸಾಲ ಕೊಡುವವರು ಇದನ್ನು ಒಪ್ಪುತ್ತಾರೆಯೇ ಎಂದು ಮೊದಲೇ ವಿಚಾರಿಸಿ.

ಪ್ರಶ್ನೆ: ವಿದೇಶದಲ್ಲಿ ಓದಲಿರುವ ಮಗಳ ಅಂಕಪಟ್ಟಿಗಳಿಗೆ ನೋಟರಿ ನಕಲು ಸಾಕೇ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಅದು ಆ ವಿಶ್ವವಿದ್ಯಾಲಯದ ನಿಯಮಕ್ಕೆ ಬಿಟ್ಟದ್ದು. ಅವರು ಅಪೋಸ್ಟಿಲ್ (ದಾಖಲೆಯನ್ನು ಬೇರೆ ದೇಶದಲ್ಲಿ ಬಳಸಲು ಕೊಡುವ ಸರ್ಕಾರಿ ದೃಢೀಕರಣ) ಕೇಳಿದ್ದರೆ ನೋಟರಿ ಸಹಿಯೊಂದೇ ಸಾಲದು. ಅದನ್ನು ಕೊಡುವುದು ಭಾರತದ ವಿದೇಶಾಂಗ ಸಚಿವಾಲಯ. ಶೈಕ್ಷಣಿಕ ದಾಖಲೆಗಳಿಗೆ ಅದಕ್ಕೂ ಮುನ್ನ ರಾಜ್ಯ ಮಟ್ಟದ ದೃಢೀಕರಣವೂ ಬೇಕಾಗುವುದರಿಂದ, ಪ್ರವೇಶಪತ್ರ ಕೈಸೇರಿದ ಕೂಡಲೇ ಕೆಲಸ ಆರಂಭಿಸಿ.